ಗೊತ್ತಿಲ್ಲ ಎನ್ನುವ ಮಗುವಿಗೆ ಯಾವ ಕಾಲೇಜು?

ಬಹಳ ದಿನಗಳಿಂದ ಇಲ್ಲಿ ಏನನ್ನೂ ಬರೆಯಲಾಗಿರಲಿಲ್ಲ. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಒಂದು ನೆಪ. ಸೋಮಾರಿತನವೇ ನಿಜವಾದ ಕಾರಣ. ಮನ್ನಿಸಬೇಕು. ಆದರೆ ಕಳೆದ ಭಾನುವಾರ ನಮ್ಮ ಮನೆಯ ಜಗಲಿಯಲ್ಲಿ ನಡೆದ ಮಾತುಕತೆಯೊಂದು ಮೂರು ದಿನ ನನ್ನ ನಿದ್ದೆ ಕೆಡಿಸಿದ್ದರಿಂದ, ಅದನ್ನು ನಿಮ್ಮೆಲ್ಲರ ಮುಂದಿಡದೆ ನನಗೆ ಸಮಾಧಾನವಿಲ್ಲ. ನಿಮ್ಮಲ್ಲಿ ಅನೇಕರ ಮಕ್ಕಳು ಈಗ ದ್ವಿತೀಯ ಪಿ.ಯು.ಸಿ. ಮುಗಿಸಿ ಇದೇ ಇಕ್ಕಟ್ಟಿನಲ್ಲಿದ್ದಾರೆಂಬುದನ್ನೂ ಬಲ್ಲೆ.

ಆಷಾಢದ ಗಾಳಿ ಕೆರೆಯ ಕಡೆಯಿಂದ ಜೋರಾಗಿ ಬೀಸುತ್ತಿತ್ತು. ಪತ್ರಿಕೆ ಹಿಡಿದು ಕುಳಿತಿದ್ದೆ. ಬಾಗಿಲಲ್ಲಿ ಬೈಕೊಂದು ನಿಂತಿತು. ಇಳಿದವನು 1994ರಲ್ಲಿ ನನ್ನ ಬಳಿ ಎಸ್.ಎಸ್.ಎಲ್.ಸಿ. ಓದಿದ ಹುಡುಗ. (ನಲವತ್ತು ದಾಟಿದ ಗೃಹಸ್ಥನನ್ನೂ ಹುಡುಗನೆನ್ನುವುದು ನಮ್ಮಂಥ ಮೇಷ್ಟರುಗಳ ಚಾಳಿ.) ಅವನ ಹಿಂದೆ ಅವನ ಮಗಳು, ಎದೆಗವಚಿಕೊಂಡ ಒಂದು ಪ್ಲಾಸ್ಟಿಕ್ ಫೈಲಿನೊಡನೆ. ಕುಶಲ ಪ್ರಶ್ನೆ, ಮಳೆ, ಅಡಿಕೆಯ ಧಾರಣೆ ಎಲ್ಲವೂ ಆದ ಮೇಲೆ ಅವನು ಹೇಳಿದ: “ಸಾರ್, ಇವಳು ಯಾವುದಕ್ಕೆ ಸೇರಬೇಕು ಅಂತ ನೀವೇ ಹೇಳಿಬಿಡಿ. ನೀವು ಹೇಳಿದ್ದೇ ಆಗಲಿ.”

ಕಾಫಿಯ ಲೋಟ ನನ್ನ ಕೈಯಲ್ಲೇ ಉಳಿಯಿತು. ಸುಮಾರು ಮೂವತ್ತು ವರ್ಷಗಳ ಹಿಂದೆ ಅವನ ತಂದೆಯೂ ಇದೇ ಜಗಲಿಯಲ್ಲಿ ಕುಳಿತು ಇದೇ ಮಾತನ್ನು ಆಡಿದ್ದರು. ಅಂದು ನಾನು ಹೇಳಿಬಿಟ್ಟಿದ್ದೆ. ಹೇಳಿದ್ದು ತಪ್ಪಾಗಿತ್ತು.

ಅದು 1996. ಸಿ.ಇ.ಟಿ. ಬಂದು ಎರಡು ವರ್ಷವಾಗಿತ್ತಷ್ಟೆ. ಈಗಿನಂತೆ ಮನೆಯಲ್ಲೇ ಕುಳಿತು ಮೊಬೈಲಿನಲ್ಲಿ ಆಯ್ಕೆಗಳನ್ನು ಒತ್ತುವ ಕಾಲವಲ್ಲ; ಕೌನ್ಸೆಲಿಂಗ್ ಎಂದರೆ ಬೆಂಗಳೂರಿಗೇ ಹೋಗಬೇಕು, ಸರದಿ ಬಂದಾಗ ಉಳಿದಿರುವ ಸೀಟುಗಳನ್ನು ನೋಡಿ ಕೆಲವೇ ನಿಮಿಷಗಳಲ್ಲಿ ಬಾಯಿಬಿಟ್ಟು ಹೇಳಬೇಕು. ಆ ಹುಡುಗನಿಗೆ ಗಣಿತದಲ್ಲಿ ಒಳ್ಳೆಯ ಅಂಕಗಳಿದ್ದವು. ನಾನು ಗಣಿತದ ಮೇಷ್ಟರು. ಅವನಲ್ಲಿ ನಾನು ಕಂಡದ್ದು ಗಣಿತವನ್ನೇ. ಸಮಾಜ ವಿಜ್ಞಾನದ ತರಗತಿಯಲ್ಲಿ ಅವನು ನಕ್ಷೆಗಳನ್ನು ಎಷ್ಟು ಚೆನ್ನಾಗಿ ಬರೆಯುತ್ತಿದ್ದನೆಂಬುದು, ಬಿಡುವಿನ ವೇಳೆಯಲ್ಲಿ ಊರ ಹೊರಗಿನ ವೀರಗಲ್ಲುಗಳ ಮುಂದೆ ನಿಂತು ಏನನ್ನೋ ಬರೆದುಕೊಳ್ಳುತ್ತಿದ್ದನೆಂಬುದು ಶಿಕ್ಷಕರ ಕೊಠಡಿಯಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ. ಅದನ್ನು ನಾವು ಹವ್ಯಾಸವೆಂದು ಕರೆದು ಬದಿಗಿಟ್ಟಿದ್ದೆವು. “ನನಗೆ ಏನು ಓದಬೇಕು ಅಂತ ಗೊತ್ತಾಗ್ತಾ ಇಲ್ಲ ಸಾರ್” ಎಂದು ಅವನು ನನ್ನೆದುರು ಎರಡು ಬಾರಿ ಹೇಳಿದ. ನಾನು ಅವನೊಡನೆ ಬೆಂಗಳೂರಿಗೆ ಹೋದೆ. “ಎಲೆಕ್ಟ್ರಾನಿಕ್ಸ್ ತಗೋ, ಕಣ್ಣು ಮುಚ್ಚಿ ತಗೋ” ಎಂದೆ. ಆಗ ಎಲೆಕ್ಟ್ರಾನಿಕ್ಸ್ ಎಂಬ ಶಬ್ದವೇ ಒಂದು ಮಂತ್ರವಾಗಿತ್ತು. ಸಿಕ್ಕಿದ್ದು ಪೇಮೆಂಟ್ ಸೀಟು. ಫ್ರೀ ಸೀಟು, ಪೇಮೆಂಟ್ ಸೀಟು ಎಂಬ ಆ ವಿಂಗಡಣೆ ನಿಮ್ಮಲ್ಲಿ ಹಳಬರಿಗೆ ನೆನಪಿದ್ದೀತು. ಅವನ ತಂದೆ ಅಡಿಕೆ ಮಂಡಿಯಲ್ಲಿ ಮುಂದಿನ ಫಸಲಿನ ಮೇಲೆ ಸಾಲ ಎತ್ತಿದರು, ಒಂದು ಜೊತೆ ಎತ್ತನ್ನೂ ಮಾರಿದರು.

ಮೂರನೆಯ ವರ್ಷದ ನಡುವೆ ಹುಡುಗ ಊರಿಗೆ ಬಂದವನು ಮರಳಿ ಹೋಗಲಿಲ್ಲ. ಉಳಿಸಿಕೊಂಡ ವಿಷಯಗಳು ಹನ್ನೊಂದು.

ಅವನ ಬದುಕು ಕೆಟ್ಟಿತೆಂದು ನಾನು ಹೇಳುತ್ತಿಲ್ಲ. ತೋಟ ಮಾಡಿದ, ದೂರಶಿಕ್ಷಣದಲ್ಲಿ ಇತಿಹಾಸ ತೆಗೆದುಕೊಂಡು ಬಿ.ಎ. ಮುಗಿಸಿದ, ಇಂದು ಊರ ಮಕ್ಕಳನ್ನು ತಾಳಗುಂದಕ್ಕೂ ಬಳ್ಳಿಗಾವಿಗೂ ಕರೆದೊಯ್ದು ಶಾಸನಗಳ ಕಥೆ ಹೇಳುವವನು ಅವನೇ. ಆದರೆ ಮಂಡಿಯ ಸಾಲ ತೀರಲು ಎಂಟು ವರ್ಷ ಹಿಡಿಯಿತು. ಭಾನುವಾರ ನಾನು ಅವನನ್ನು ನೇರವಾಗಿ ಕೇಳಿದೆ: “ನಿನಗೆ ಯಾವಾಗ ಗೊತ್ತಾಯ್ತಪ್ಪಾ, ಅದು ನಿನ್ನ ದಾರಿಯಲ್ಲ ಅಂತ?” ಅವನು ಮಗಳ ಕಡೆ ಒಮ್ಮೆ ನೋಡಿ ಹೇಳಿದ: “ಮೊದಲನೇ ವರ್ಷದ ದಸರಾ ರಜೆಗೆ ಬಂದಾಗಲೇ ಗೊತ್ತಿತ್ತು ಸಾರ್. ಅಷ್ಟು ದುಡ್ಡು ಕಟ್ಟಿ ಆಗಿತ್ತಲ್ಲ, ಹೇಗೆ ಹೇಳೋದು?”

ಈ ಮಾತೇ ನನ್ನ ನಿದ್ದೆ ಕೆಡಿಸಿದ್ದು. ಇಷ್ಟು ವರ್ಷ ನಾನು ಅಂದುಕೊಂಡದ್ದೇನೆಂದರೆ, ನಾನು ತಪ್ಪು ವಿಷಯವನ್ನು ಸೂಚಿಸಿದೆ, ಸರಿಯಾದುದನ್ನು ಸೂಚಿಸಿದ್ದರೆ ಎಲ್ಲವೂ ನೆಟ್ಟಗಾಗುತ್ತಿತ್ತು ಎಂದು. ಅದಲ್ಲ. ಹದಿನೇಳರ ಮಗುವಿನ ವಿಷಯದಲ್ಲಿ ಯಾರ ಊಹೆಯೂ ತಪ್ಪಬಹುದು. ಅವನ ಊಹೆಯೂ ತಪ್ಪಬಹುದಿತ್ತು. ಆದರೆ ತಪ್ಪೆಂದು ತಿಳಿದ ದಿನ ಹಿಂದಿರುಗಿ ಬರಲಾಗದಂಥ ಜಾಗಕ್ಕೆ ಅವನನ್ನು ಕಳುಹಿಸಿದೆನಲ್ಲ, ಅಪರಾಧ ಅಲ್ಲಿದೆ. ‘ಗೊತ್ತಿಲ್ಲ’ ಎನ್ನುವ ಮಗುವನ್ನು ಎಲ್ಲಕ್ಕಿಂತ ಹೆಚ್ಚು ಬೆಲೆ ತೆತ್ತು, ಎಲ್ಲಕ್ಕಿಂತ ಇಕ್ಕಟ್ಟಾದ ದಾರಿಗೆ ದೂಡಿದೆವು. ಅವನಿಗೆ ಬೇಕಾಗಿದ್ದುದು ಅಗ್ಗದ, ಅಗಲವಾದ ದಾರಿ. ಈ ಇಡೀ ಬರಹದಲ್ಲಿ ನನಗೆ ಹೇಳಲಿರುವುದು ಇಷ್ಟೇ.

ಈಗ ಹುಡುಗಿಯ ಸಂಗತಿಗೆ ಬರುತ್ತೇನೆ. ಪಿ.ಸಿ.ಎಂ.ಬಿ. ಓದಿದ್ದಾಳೆ, ಅಂಕಗಳು ಚೆನ್ನಾಗಿವೆ. ಅಣಕು ಹಂಚಿಕೆಯ ಲೆಕ್ಕದಲ್ಲಿ ಬೆಂಗಳೂರಿನ ಒಂದು ಖಾಸಗಿ ಕಾಲೇಜಿನ ಕಂಪ್ಯೂಟರ್ ಸೈನ್ಸ್ ಅವಳಿಗೆ ಎಟುಕುವಂತಿದೆ. ರೈತರ ಮಕ್ಕಳಿಗಿರುವ ಮೀಸಲಾತಿಯಲ್ಲಿ, ಅದಕ್ಕೆಂದೇ ನಡೆಸುವ ಪ್ರಾಯೋಗಿಕ ಪರೀಕ್ಷೆಯನ್ನೂ ಬರೆದಿದ್ದರಿಂದ, ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದಲ್ಲಿ ಬಿ.ಎಸ್ಸಿ. ಕೃಷಿಯೂ ಸಿಗುವ ಸಂಭವವಿದೆ. ಇವೆರಡೂ ಬೇಡವಾದರೆ ಸಹ್ಯಾದ್ರಿ ವಿಜ್ಞಾನ ಕಾಲೇಜಿನ ಬಿ.ಎಸ್ಸಿ. ಪ್ರವೇಶ ಪಟ್ಟಿಯಲ್ಲಿ ಈಗಾಗಲೇ ಹೆಸರು ಬಂದಿದೆ. “ನಿನಗೆ ಯಾವುದು ಇಷ್ಟವಮ್ಮ?” ಎಂದೆ. “ಗೊತ್ತಿಲ್ಲ ಸಾರ್” ಎಂದಳು. ತಂದೆಗೆ ನಾಚಿಕೆಯಾಯಿತು. “ಇಷ್ಟು ಓದಿದ್ದಾಳೆ, ಏನು ಬೇಕು ಅಂತ್ಲೇ ಗೊತ್ತಿಲ್ವಂತೆ ನೋಡಿ ಸಾರ್” ಎಂದ. ತಾನು ಇದೇ ಮಾತನ್ನು ಆಡಿದ್ದು ಅವನಿಗೆ ಮರೆತಿತ್ತೋ ಏನೋ!

ನನಗಂತೂ ಅದು ಆ ಬೆಳಿಗ್ಗೆ ಆ ಜಗಲಿಯಲ್ಲಿ ಆಡಿದ ಮಾತುಗಳಲ್ಲೆಲ್ಲ ಅತ್ಯಂತ ಪ್ರಾಮಾಣಿಕವಾದದ್ದೆಂದು ತೋರಿತು. ನಮ್ಮ ಪಿ.ಯು.ಸಿ. ಮಗು ಕಂಡಿರುವುದು ನಾಲ್ಕೇ ವಿಷಯಗಳನ್ನು, ಅವನ್ನೂ ಪ್ರಶ್ನೆಪತ್ರಿಕೆಯ ಕಿಂಡಿಯಿಂದ. ಮಣ್ಣಿನ ವಿಜ್ಞಾನವೆಂಬುದೊಂದಿದೆ, ಸಂಖ್ಯಾಶಾಸ್ತ್ರವೆಂಬುದೊಂದಿದೆ, ಕೀಟಶಾಸ್ತ್ರ, ಅರ್ಥಶಾಸ್ತ್ರ, ಕಾನೂನು ಇವೆ ಎಂಬುದನ್ನು ಹೆಸರಾಗಿ ಕೇಳಿರಬಹುದು. ಊಟದ ಎಲೆಯ ಮೇಲೆ ಬಡಿಸದೇ ಇರುವ ಪದಾರ್ಥದ ರುಚಿ ಹೇಳೆಂದು ಕೇಳಿದರೆ ಮಗು ಏನು ಹೇಳೀತು? ಥಟ್ಟನೆ ‘ಕಂಪ್ಯೂಟರ್ ಸೈನ್ಸ್’ ಎನ್ನುವ ಮಕ್ಕಳಲ್ಲಿ ಅನೇಕರಿಗೂ ಗೊತ್ತಿರುವುದಿಲ್ಲ. ನೆರೆಮನೆಯವರು ಹೇಳಿದ್ದನ್ನು ಹೇಳುತ್ತಾರೆ ಅಷ್ಟೆ.

ನನ್ನದೇ ಕಥೆ ಕೇಳಿ. 1977ರಲ್ಲಿ ನಾನು ಸಹ್ಯಾದ್ರಿಗೆ ಬಿ.ಎಸ್ಸಿ. ಸೇರಿದೆ. ಏಕೆ ಸೇರಿದೆನೆಂದರೆ ಹೇಳಿಕೊಳ್ಳುವಂಥ ಕಾರಣವೇನೂ ಇಲ್ಲ. ಸವಳಂಗದಿಂದ ಶಿವಮೊಗ್ಗಕ್ಕೆ ಬೆಳಗಿನ ಬಸ್ಸಿತ್ತು, ಶುಲ್ಕ ಕಡಿಮೆಯಿತ್ತು. ದಾವಣಗೆರೆಯ ಬಿ.ಡಿ.ಟಿ. ಎಂಜಿನಿಯರಿಂಗ್ ಕಾಲೇಜಿಗೂ ಅರ್ಜಿ ಹಾಕಿ ಕರೆ ಬಂದಿತ್ತು, ಆದರೆ ಅಪ್ಪ ಹಾಸ್ಟೆಲಿನ ಖರ್ಚನ್ನು ಬೆರಳೆಣಿಸಿ ಲೆಕ್ಕ ಹಾಕಿ ಸುಮ್ಮನಾದರು. (ಅಂದ ಹಾಗೆ, ನಮ್ಮೂರಿಗೇ ಈ ಎರಡು ಮನಸ್ಸಿನ ಕಾಯಿಲೆಯಿದೆ. 1997ರಲ್ಲಿ ಹೊನ್ನಾಳಿ ತಾಲ್ಲೂಕಿನೊಡನೆ ನಮ್ಮನ್ನು ದಾವಣಗೆರೆ ಜಿಲ್ಲೆಗೆ ಸೇರಿಸಿದರು, ಆಮೇಲೆ ನ್ಯಾಮತಿಯೇ ತಾಲ್ಲೂಕಾಯಿತು. ಮಕ್ಕಳು ಮಾತ್ರ ಇಂದಿಗೂ ಹತ್ತುವುದು ಶಿವಮೊಗ್ಗದ ಬಸ್ಸನ್ನೇ.) ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಮೂರನ್ನೂ ಸಮಸಮನಾಗಿ ಮೂರು ವರ್ಷ ಓದಿದೆವು. ಯಾವುದು ನನ್ನದು ಎಂಬುದನ್ನು ಮೂರು ವರ್ಷ ಮುಂದೂಡುವ ಸೌಲಭ್ಯ ನನಗೆ ಸಿಕ್ಕಿತ್ತು, ಅದು ಸೌಲಭ್ಯವೆಂದು ಆಗ ತಿಳಿದಿರಲಿಲ್ಲ. ಕೊನೆಯ ವರ್ಷ ಸಂಜೆಯ ಹೊತ್ತು ನಮ್ಮ ಕೇರಿಯ ಮಕ್ಕಳಿಗೆ ಲಾಟೀನು ಹಚ್ಚಿ ಬೀಜಗಣಿತ ಹೇಳಿಕೊಡುತ್ತಿದ್ದಾಗ, ಒಬ್ಬ ಪೋರ ಲೆಕ್ಕ ಬಿಡಿಸಿ ತಲೆಯೆತ್ತಿ ನಕ್ಕದ್ದು ನೋಡಿ, ನನಗೆ ಇದೇ ಬೇಕೆಂದು ಅನಿಸಿತು. ಬಿ.ಎಡ್. ಮಾಡಿದೆ. ಆ ನಗುವನ್ನು ಹದಿನೇಳರಲ್ಲಿ ನಾನು ಎಲ್ಲಿಂದ ಊಹಿಸಲಿ?

ನಾನು ಸೇರಿದ ಕಾಲಕ್ಕೆ ಸಹ್ಯಾದ್ರಿಯಲ್ಲಿ ಭೂವಿಜ್ಞಾನ ಬೋಧಿಸುತ್ತಿದ್ದವರು ಕೆ.ಎಸ್. ನಿಸಾರ್ ಅಹಮದ್. ನನಗೆ ಭೂವಿಜ್ಞಾನವಿರಲಿಲ್ಲ, ಕಾರಿಡಾರಿನಲ್ಲಿ ಅವರು ಹೋಗುವುದನ್ನು ಕಂಡವನಷ್ಟೆ. 1978ರಲ್ಲಿ ‘ನಿತ್ಯೋತ್ಸವ’ದ ಧ್ವನಿಸುರುಳಿ ಬಂದು ಮನೆಮನೆಯಲ್ಲಿ ಹಾಡಾದಾಗ, ಕಲ್ಲಿನ ಪಾಠ ಹೇಳುವ ಮೇಷ್ಟರು ಇದನ್ನು ಬರೆದವರೆಂದು ನಾವು ಹುಡುಗರು ಬೆರಗಾಗಿದ್ದೆವು. ಗಿರೀಶ ಕಾರ್ನಾಡರು ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಪದವಿಗೆ ಓದಿದ್ದು ಗಣಿತ ಮತ್ತು ಸಂಖ್ಯಾಶಾಸ್ತ್ರವನ್ನು, ಆಮೇಲೆ ಆಕ್ಸ್‌ಫರ್ಡಿನಲ್ಲಿ ತತ್ವಶಾಸ್ತ್ರ, ರಾಜ್ಯಶಾಸ್ತ್ರ, ಅರ್ಥಶಾಸ್ತ್ರಗಳನ್ನು. ನಾಟಕವನ್ನು ಅವರಿಗೆ ಯಾವ ಅರ್ಜಿ ನಮೂನೆಯೂ ಕೇಳಿರಲಿಲ್ಲ. ಇಂಥವರು ಅಪರೂಪದ ಪ್ರತಿಭಾವಂತರು, ಎಲ್ಲರಿಗೂ ಮಾದರಿಯಾಗಲಾರರು ಎಂದು ನೀವು ಆಕ್ಷೇಪಿಸಬಹುದು, ಒಪ್ಪುತ್ತೇನೆ. ಪದವಿಯ ಹೆಸರು ಮನುಷ್ಯನ ಹಣೆಯ ಮೇಲೆ ಅಚ್ಚೊತ್ತಿ ಉಳಿಯುವುದಿಲ್ಲವೆಂಬುದಕ್ಕಷ್ಟೇ ಅವರನ್ನು ನೆನೆದೆ.

ಅಮೆರಿಕದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಏಪ್ರಿಲ್ಲಿನಲ್ಲಿ ದೂರವಾಣಿ ಮಾಡಿದ್ದಳು. ಅವಳ ಮಗನಿಗೆ ಎರಡು ಕಾಲೇಜುಗಳಿಂದ ಪ್ರವೇಶಪತ್ರ ಬಂದಿದೆ, ಮೇ 1ರೊಳಗೆ ಒಂದಕ್ಕೆ ಒಪ್ಪಿಗೆ ತಿಳಿಸಬೇಕು, ಮಗನಿಗೆ ಏನು ಓದಬೇಕೆಂದೇ ತಿಳಿಯದು. ಅಲ್ಲಿಯೂ ಇದೇ ರಾಮಾಯಣ! ಆದರೆ ಒಂದು ವ್ಯತ್ಯಾಸ. ಅಲ್ಲಿಯ ಅನೇಕ ಕಾಲೇಜುಗಳಲ್ಲಿ ‘ಇನ್ನೂ ನಿರ್ಧರಿಸಿಲ್ಲ’ ಎಂದೇ ಬರೆದು ಸೇರಬಹುದಂತೆ, ಎರಡನೆಯ ವರ್ಷದ ಕೊನೆಯ ಹೊತ್ತಿಗೆ ಮುಖ್ಯ ವಿಷಯ ಹೇಳಿದರೆ ಸಾಕಂತೆ. ಎಂಜಿನಿಯರಿಂಗ್, ನರ್ಸಿಂಗ್‌ನಂಥವಕ್ಕೆ ಹಲವೆಡೆ ಮೊದಲೇ ಸೇರಬೇಕು, ನಡುವೆ ಒಳಹೋಗುವುದು ಕಷ್ಟ ಎಂಬ ತೊಡಕು ಅಲ್ಲಿಯೂ ಇದೆ. ನಾನು ಅವಳಿಗೆ ಕೇಳಿದ್ದು ಒಂದೇ ಪ್ರಶ್ನೆ: ಎರಡರಲ್ಲಿ ಯಾವ ಕಾಲೇಜಿನಲ್ಲಿ ಮಗ ಮನಸ್ಸು ಬದಲಿಸಿದರೆ ಕಡಿಮೆ ದಂಡ? ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅದನ್ನು ನಾವು ಕೇಳಿಯೇ ಇಲ್ಲ ಸರ್, ರ್‍ಯಾಂಕಿಂಗ್ ಮಾತ್ರ ನೋಡಿದ್ವಿ” ಎಂದಳು. ದೂರದವಳಿಗೆ ಸರಿಯಾದ ಪ್ರಶ್ನೆ ಕೇಳಿದ ನಾನು, ಜಗಲಿಗೆ ಬಂದವನ ಎದುರು ತಡವರಿಸಿದೆ.

ನಮ್ಮಲ್ಲಿ 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ನಾಲ್ಕು ವರ್ಷದ ಪದವಿ ಬಂತು. ಮುಕ್ತ ಆಯ್ಕೆಯ ವಿಷಯಗಳು, ಒಂದು ವರ್ಷಕ್ಕೆ ಬಿಟ್ಟರೆ ಸರ್ಟಿಫಿಕೇಟು, ಎರಡಕ್ಕೆ ಬಿಟ್ಟರೆ ಡಿಪ್ಲೊಮಾ ಎಂದರು. 2024ರಲ್ಲಿ ಅದನ್ನು ಕೈಬಿಟ್ಟು ಮತ್ತೆ ಮೂರು ವರ್ಷದ ಪದವಿಗೆ ಮರಳಿದರು. ಎರಡರ ರಾಜಕೀಯವೂ ನನಗೆ ಬೇಡ. ಬಿಟ್ಟುಹೋದ ಮಗುವಿನ ಕೈಗೂ ಏನಾದರೊಂದು ಕಾಗದ ಕೊಡಬೇಕೆಂಬ ಯೋಚನೆ ಮಾತ್ರ ನನಗೆ ಹಿಡಿಸಿತ್ತು. 1998ರಲ್ಲಿ ಮೂರನೆಯ ವರ್ಷದ ನಡುವೆ ಬರಿಗೈಯಲ್ಲಿ ಬಸ್ಸಿಳಿದವನನ್ನು ಕಂಡವನು ನಾನು.

ಹಾಗಾದರೆ ಹುಡುಗಿಗೆ ಯಾವುದು? ಮೂರನ್ನೂ ನನ್ನ ಈ ಒಂದು ಪ್ರಶ್ನೆಯ ಕೆಳಗಿಟ್ಟು ನೋಡಿದೆ. ಸಹ್ಯಾದ್ರಿಯ ಬಿ.ಎಸ್ಸಿ. ಎಲ್ಲಕ್ಕಿಂತ ಅಗ್ಗ. ಮನೆಯಿಂದಲೇ ಓಡಾಡಬಹುದು. ಮೂರು ವಿಷಯ ಓದಿ ಬಿ.ಎಡ್.ಗೆ, ಎಂ.ಎಸ್ಸಿ.ಗೆ, ಕಾನೂನಿಗೆ ಹೋಗಬಹುದು, ಕೆ.ಎ.ಎಸ್., ಐ.ಎ.ಎಸ್. ಪರೀಕ್ಷೆಗಳಿಗೆ ಯಾವುದೇ ಪದವಿಯಾದರೂ ನಡೆಯುತ್ತದೆ. ಆದರೆ ಬರಿಯ ಬಿ.ಎಸ್ಸಿ.ಗೆ ನಿಲ್ಲುವಂತಿಲ್ಲ, ಮುಂದೊಂದು ಓದು ಬೇಕೇ ಬೇಕು. ಅದನ್ನು ಮುಚ್ಚಿಡಬಾರದು. ಎಂಜಿನಿಯರಿಂಗಿನ ಮೊದಲ ವರ್ಷ, ಫಿಸಿಕ್ಸ್ ಸೈಕಲ್, ಕೆಮಿಸ್ಟ್ರಿ ಸೈಕಲ್ ಎಂದು ಬಹುಮಟ್ಟಿಗೆ ಎಲ್ಲ ಶಾಖೆಗಳಿಗೂ ಸಮಾನವೇ. ಆಮೇಲೆ ಶಾಖೆ ಬದಲಿಸಬೇಕೆಂದರೆ ಸೀಟು ಖಾಲಿಯಿರಬೇಕು, ಅಂಕಗಳೂ ಇರಬೇಕು. ಅದನ್ನು ನಂಬಿ ಸೇರುವಂತಿಲ್ಲ. ಅದರ ಮೇಲೆ ಬೆಂಗಳೂರಿನ ಹಾಸ್ಟೆಲು. ಉದ್ಯೋಗದ ಬಾಗಿಲುಗಳು ಅಲ್ಲಿ ಹೆಚ್ಚೆಂಬುದು ನಿಜ, ಅದನ್ನು ಅಲ್ಲಗಳೆದರೆ ನನ್ನ ಅರ್ಧ ವಿದ್ಯಾರ್ಥಿಗಳು ನನ್ನೊಡನೆ ಜಗಳಕ್ಕೆ ಬಂದಾರು!

ಕೃಷಿಯ ಬಿ.ಎಸ್ಸಿ.ಯ ವಿಷಯದಲ್ಲಿ ಮಾತ್ರ ನಾನು ಇಷ್ಟು ದಿನ ಕುರುಡನಾಗಿದ್ದೆ. ಅದು ಒಂದೇ ವಿಷಯವೆಂದುಕೊಂಡಿದ್ದೆ. ಹುಡುಗಿಯ ಫೈಲಿನಲ್ಲಿದ್ದ ಪಠ್ಯಕ್ರಮ ತಿರುವಿದರೆ ಅಲ್ಲಿ ಮಣ್ಣು, ತಳಿಶಾಸ್ತ್ರ, ಕೀಟ, ಸಸ್ಯರೋಗ, ತೋಟಗಾರಿಕೆ, ಕೃಷಿ ಅರ್ಥಶಾಸ್ತ್ರ, ಸಂಖ್ಯಾಶಾಸ್ತ್ರ, ಜನರೊಡನೆ ಮಾತನಾಡುವ ವಿಸ್ತರಣಾ ಶಿಕ್ಷಣ, ಕೊನೆಯ ವರ್ಷ ಹಳ್ಳಿಯಲ್ಲೇ ಉಳಿದು ಮಾಡುವ ಕಾರ್ಯಾನುಭವ. ಏನು ಬೇಕೆಂದು ತಿಳಿಯದ ಮಗುವಿಗೆ ಇಷ್ಟು ವಿಷಯಗಳ ರುಚಿ ತೋರಿಸುವ ಪದವಿ ನಮ್ಮ ಬಾಗಿಲಲ್ಲೇ ಇದೆ. ಶಿವಮೊಗ್ಗದಲ್ಲಿ ನವಿಲೆಯ ಮುಂದೆ ಹಾದುಬರುವ ರಸ್ತೆಗೆ ಸವಳಂಗ ರಸ್ತೆಯೆಂದೇ ಹೆಸರು! ಆದರೆ ವಿಶ್ವವಿದ್ಯಾಲಯಕ್ಕೆ ನವಿಲೆಯಲ್ಲದೆ ಇರುವಕ್ಕಿಯಲ್ಲೂ ಆವರಣವಿದೆ. ತರಗತಿಗಳು ಎಲ್ಲಿ, ಹಾಸ್ಟೆಲು ಎಲ್ಲಿ ಎಂಬುದನ್ನು ವಿಚಾರಿಸದೆ ‘ಹತ್ತಿರ’ ಎಂದು ಲೆಕ್ಕ ಹಾಕಬಾರದೆಂದು ತಂದೆಗೆ ಹೇಳಿದೆ.

ಇಷ್ಟೆಲ್ಲ ಹೇಳಿಯೂ ‘ಇದಕ್ಕೆ ಸೇರು’ ಎಂಬ ಮಾತನ್ನು ನಾನು ಆಡಲಿಲ್ಲ. ಅವನಿಗೆ ನಿರಾಸೆಯಾಯಿತೆಂದು ಮುಖವೇ ಹೇಳುತ್ತಿತ್ತು. ನಾನೆಂದೆ: “ನಿನಗೆ ಹೇಳಿ ನೋಡಿದೆನಲ್ಲಪ್ಪಾ. ಮೇಷ್ಟರಾಗಿ ಗೊತ್ತಿಲ್ಲ ಅನ್ನೋಕೆ ಅವತ್ತು ನನಗೆ ನಾಚಿಕೆಯಾಗಿತ್ತು. ನನ್ನ ನಾಚಿಕೆಗೆ ನೀನು ಸಾಲ ತೀರಿಸಿದೆ.” ಅವನು ಏನೂ ಹೇಳಲಿಲ್ಲ. ಎದ್ದು ಹಿತ್ತಲ ಕಡೆ ಹೋಗಿ, ನನ್ನ ನಾಲ್ಕು ಅಡಿಕೆ ಗಿಡಗಳಿಗೆ ಸುಳಿ ಕೊಳೆ ಬಂದಿದೆಯೇ ಎಂದು ನೋಡಿಕೊಂಡು ಬಂದ.

ಆಮೇಲೆ ಫೈಲನ್ನು ಬಿಚ್ಚಿದೆವು. ಪರೀಕ್ಷಾ ಪ್ರಾಧಿಕಾರಕ್ಕೆ ಸಲ್ಲಿಸಿದ್ದ ಆಯ್ಕೆಗಳ ಪಟ್ಟಿ ಉದ್ದವಾಗಿತ್ತು. ಯಾರು ತುಂಬಿದ್ದೆಂದು ಕೇಳಿದರೆ ಸೈಬರ್ ಸೆಂಟರಿನವರಂತೆ! ಆ ಪುಣ್ಯಾತ್ಮ ಬೆಂಗಳೂರಿನ ಕಂಪ್ಯೂಟರ್ ಸೈನ್ಸುಗಳನ್ನೆಲ್ಲ ಮೇಲೆ ಪೇರಿಸಿ, ಕೃಷಿಯನ್ನು ಅಡಿಯಲ್ಲಿ ಇಟ್ಟಿದ್ದ. ಪೋಷಕರು ಇದನ್ನೊಂದು ಚೆನ್ನಾಗಿ ತಿಳಿದಿರಬೇಕು. ಕಂಪ್ಯೂಟರು ಪಟ್ಟಿಯನ್ನು ಮೇಲಿನಿಂದ ನೋಡುತ್ತಾ ಬಂದು, ರ್‍ಯಾಂಕಿಗೆ ಎಟುಕುವ ಮೊದಲ ಸೀಟನ್ನು ಕೊಡುತ್ತದೆ. ಅದರ ಕೆಳಗಿರುವುದನ್ನು ತಿರುಗಿಯೂ ನೋಡುವುದಿಲ್ಲ. ಸೀಟು ಬಂದ ಮೇಲೆ ನಾಲ್ಕು ಛಾಯ್ಸುಗಳಿರುತ್ತವೆ. ಒಂದನೆಯದೆಂದರೆ ಒಪ್ಪಿ ಸೇರುವುದು, ಎರಡನೆಯದೆಂದರೆ ಇದನ್ನು ಹಿಡಿದುಕೊಂಡು ಪಟ್ಟಿಯಲ್ಲಿ ಇದಕ್ಕಿಂತ ಮೇಲಿರುವುದಕ್ಕೆ ಕಾಯುವುದು, ಮೂರನೆಯದೆಂದರೆ ಇದನ್ನು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು, ನಾಲ್ಕನೆಯದೆಂದರೆ ಹೊರಬರುವುದು. ಎರಡನೆಯದನ್ನು ಒತ್ತಿದವರಿಗೆ ಮೇಲಿನದು ಸಿಕ್ಕಿಬಿಟ್ಟರೆ ಕೈಯಲ್ಲಿದ್ದದ್ದು ತಾನಾಗಿ ಹೋಗುತ್ತದೆ, ಮರಳಿ ಕೇಳುವಂತಿಲ್ಲ. ಅಂದಮೇಲೆ ಪಟ್ಟಿಯ ಮೇಲು ಕೆಳಗೇ ನಿಜವಾದ ತೀರ್ಮಾನ. ಅದನ್ನು ಅಪರಿಚಿತನೊಬ್ಬ ಟೀ ಕುಡಿಯುತ್ತಾ ಮಾಡಿ ಮುಗಿಸಿದ್ದ.

ಹುಡುಗಿಗೆ ಹೇಳಿದೆ: “ಮನೆಗೆ ಹೋಗಿ ಒಂದು ಹಾಳೆಯಲ್ಲಿ ನೀನೇ ಕೈಯಾರೆ ಪಟ್ಟಿ ಬರೆ. ಒಂದೊಂದರ ಮುಂದೆಯೂ ಪೂರ್ತಿ ಖರ್ಚು ಎಷ್ಟು, ಒಂದು ವರ್ಷಕ್ಕೆ ಬೇಡವೆನಿಸಿದರೆ ಏನು ಕಳೆದುಕೊಳ್ಳುತ್ತೀಯ, ಅಪ್ಪ ಸಾಲ ಮಾಡಬೇಕೇ ಬೇಡವೇ, ಇಷ್ಟು ಬರೆ. ಆಮೇಲೆ ಮೇಲು ಕೆಳಗು ಮಾಡು.” ಅವಳು ಮೊದಲ ಬಾರಿಗೆ ತಲೆಯೆತ್ತಿ ಕೇಳಿದಳು: “ಬರೆದಾದ ಮೇಲೂ ಗೊತ್ತಾಗದಿದ್ದರೆ ಸಾರ್?” ಗೊತ್ತಾಗದೆಯೇ ಸೇರು, ಆದರೆ ದಸರಾ ರಜೆಗೆ ಬಂದಾಗ ಅಪ್ಪನಿಗೆ ನಿಜ ಹೇಳು ಎಂದೆ. ತಂದೆ ಆ ಮಾತಿಗೆ ಮಗಳ ಬೆನ್ನ ಮೇಲೆ ಕೈಯಿಟ್ಟ.

ನಿನ್ನೆ ರಾತ್ರಿ ಅವಳ ಹಾಳೆಯ ಫೋಟೋ ನನ್ನ ಮೊಬೈಲಿಗೆ ಬಂತು. ಕೃಷಿ ಮೊದಲು, ಸಹ್ಯಾದ್ರಿ ಕೈಯಲ್ಲಿರಲಿ, ಶಿವಮೊಗ್ಗದ ಎರಡು ಎಂಜಿನಿಯರಿಂಗ್ ಸೀಟುಗಳು ಆಮೇಲೆ, ಬೆಂಗಳೂರಿಗೆ ಅಡ್ಡಗೆರೆ. ಕೃಷಿಯ ಮುಂದೆ ಪೆನ್ಸಿಲಿನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಇದೆ. ಅಳಿಸೆಂದು ನಾನು ಹೇಳಿಲ್ಲ. ಆಯ್ಕೆಗಳನ್ನು ತಿದ್ದಲು ಇನ್ನೂ ಮೂರು ದಿನಗಳಿವೆ. ನಿಮ್ಮಲ್ಲಿ ಯಾರಾದರೂ ನವಿಲೆಯಲ್ಲೋ ಹೆಬ್ಬಾಳದಲ್ಲೋ ಧಾರವಾಡದಲ್ಲೋ ಕೃಷಿ ಓದಿದವರಿದ್ದರೆ, ಅದರಲ್ಲೂ ಓದುತ್ತಿರುವಾಗ ಮನಸ್ಸು ಬದಲಾದವರಿದ್ದರೆ, ಶುಕ್ರವಾರದೊಳಗೆ ನನಗೆ ನಾಲ್ಕು ಸಾಲು ಬರೆಯಿರಿ; ಹಾಗೆಯೇ ಅವಳಿಗೆ ತಲುಪಿಸುತ್ತೇನೆ.